ಬಿಸಿಲಿನ ನಕ್ಷೆ ಬೇರೆ, ಚರ್ಮದ ಕ್ಯಾನ್ಸರಿನ ನಕ್ಷೆ ಬೇರೆ

ಬಿಸಿಲು ಜಾಸ್ತಿ ಇರುವ ಕಡೆ ಚರ್ಮದ ಕ್ಯಾನ್ಸರ್ ಜಾಸ್ತಿ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗಿದ್ದರೆ ಸಹಾರಾ ಅಂಚಿನ ದೇಶಗಳು ಪಟ್ಟಿಯ ಮೇಲ್ತುದಿಯಲ್ಲಿ ಇರಬೇಕಿತ್ತು. ಅವು ಇರುವುದು ಕೆಳತುದಿಯಲ್ಲಿ. 2020ರಲ್ಲಿ ಜಗತ್ತಿನಲ್ಲಿ ಸುಮಾರು 3,25,000 ಮಂದಿಗೆ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್, ಪತ್ತೆಯಾಯಿತು, ಸುಮಾರು 57,000 ಮಂದಿ ಅದರಿಂದ ತೀರಿಕೊಂಡರು. ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿ ಲಕ್ಷ ಮಂದಿಗೆ ಎಷ್ಟು ಎಂದು ನೋಡಿದರೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಎಲ್ಲರಿಗಿಂತ ಮುಂದೆ: ಗಂಡಸರಲ್ಲಿ 42, ಹೆಂಗಸರಲ್ಲಿ 31. ಅವುಗಳ ಹಿಂದೆ ಬರುವುದು ಪಶ್ಚಿಮ ಯುರೋಪ್ (ಇಬ್ಬರಲ್ಲೂ 19), ಉತ್ತರ ಅಮೆರಿಕ (18 ಮತ್ತು 14), ಉತ್ತರ ಯುರೋಪ್ (17 ಮತ್ತು 18). ಚಳಿಗಾಲದಲ್ಲಿ ಸೂರ್ಯನ ಮುಖವೇ ಅಪರೂಪವಾಗುವ ನಾರ್ವೆ, ಸ್ವೀಡನ್, ಡೆನ್ಮಾರ್ಕ್‌ಗಳು ಈ ಪಟ್ಟಿಯ ಮುಂಚೂಣಿಯಲ್ಲಿವೆ. ಆಫ್ರಿಕಾ ಮತ್ತು ಏಷ್ಯಾದ ಬಹುತೇಕ ದೇಶಗಳಲ್ಲಿ ಈ ಸಂಖ್ಯೆ 1 ಕೂಡ ದಾಟುವುದಿಲ್ಲ.

ಇದನ್ನು ನೋಡಿ ‘ಹಾಗಾದರೆ ಬಿಸಿಲಿಗೂ ಕ್ಯಾನ್ಸರಿಗೂ ಸಂಬಂಧವಿಲ್ಲ’ ಎಂದುಕೊಂಡರೆ ಅದು ಇನ್ನೂ ದೊಡ್ಡ ತಪ್ಪು. ಜಗತ್ತಿನ ಮೆಲನೋಮಾಗಳಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಅತಿನೇರಳೆ ಕಿರಣವೇ ಕಾರಣ ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಎರಡು ಮಾತೂ ನಿಜ. ಯಾವ ಕಿರಣ, ಯಾವ ಚರ್ಮದ ಮೇಲೆ, ಯಾವ ರೀತಿಯಲ್ಲಿ ಬೀಳುತ್ತದೆ, ಅದನ್ನು ಎಣಿಸುವವರು ಹೇಗೆ ಎಣಿಸುತ್ತಾರೆ ಎಂಬ ನಾಲ್ಕನ್ನೂ ಒಟ್ಟಿಗೆ ಇಟ್ಟು ನೋಡಿದರಷ್ಟೇ ಪ್ರದೇಶದಿಂದ ಪ್ರದೇಶಕ್ಕೆ ಕಾಣುವ ಈ ಏರಿಳಿತ ಅರ್ಥವಾಗುತ್ತದೆ. ಒಂದನ್ನು ಬಿಟ್ಟರೂ ಲೆಕ್ಕ ಕೈಕೊಡುತ್ತದೆ.

ಮೊದಲು ಕಿರಣದ ವಿಷಯ. ನಮಗೆ ಬಿಸಿ ತಗಲುವುದು ಅವಕೆಂಪು ಕಿರಣದಿಂದ. ಚರ್ಮದ ಕೋಶಕ್ಕೆ ಏಟು ಬೀಳುವುದು ಅತಿನೇರಳೆಯಿಂದ, ಅದು ಮೈಗೆ ಗೊತ್ತೇ ಆಗುವುದಿಲ್ಲ. ತಣ್ಣನೆ ಗಾಳಿ ಬೀಸುವ ಸಮುದ್ರ ದಂಡೆಯಲ್ಲಿ, ಹಿಮದ ಬೆಟ್ಟದಲ್ಲಿ ಜನ ಹೆಚ್ಚು ಸುಟ್ಟುಕೊಳ್ಳುವುದು ಈ ಕಾರಣಕ್ಕೇ. ಸೆಕೆ ಇಲ್ಲ ಅಂತ ನೆರಳಿಗೆ ಹೋಗುವುದಿಲ್ಲ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೇರಿದರೆ ಅತಿನೇರಳೆ 10ರಿಂದ 12% ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ 80% ತನಕ ಮತ್ತೆ ಮೇಲಕ್ಕೆ ಚಿಮ್ಮಿಸುತ್ತದೆ, ಒಣ ಮರಳು ಸುಮಾರು 15%, ಸಮುದ್ರದ ನೊರೆ ಸುಮಾರು 25%. ತೆಳುಮೋಡ ಅದನ್ನು ತಡೆಯುವುದು ಅತ್ಯಲ್ಪ. ನೀರಿನೊಳಗೆ ಅರ್ಧ ಮೀಟರ್ ಕೆಳಗಿದ್ದರೂ ಮೇಲಿನ 40% ಕಿರಣ ತಲುಪುತ್ತದೆ, ಈಜುವವರ ಬೆನ್ನು ಸುಡುವುದು ಹೀಗೆ.

ಅತಿನೇರಳೆಯನ್ನು ಅಳೆಯಲು ಯುವಿ ಇಂಡೆಕ್ಸ್ ಇದೆ. ಕೆನಡಾ 1992ರಲ್ಲಿ ಶುರು ಮಾಡಿದ್ದನ್ನು ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಒಂದೇ ಅಳತೆಯಾಗಿಸಿತು. 0ರಿಂದ 2 ಕಡಿಮೆ, 3ರಿಂದ 5 ಮಧ್ಯಮ, 6–7 ಹೆಚ್ಚು, 8ರಿಂದ 10 ಬಹಳ ಹೆಚ್ಚು, 11 ಅಥವಾ ಅದಕ್ಕಿಂತ ಮೇಲಿದ್ದರೆ ವಿಪರೀತ. 3 ಮುಟ್ಟಿದ ಕೂಡಲೇ ರಕ್ಷಣೆ ಬೇಕು ಎಂಬುದು ತಿಳಿ ಚರ್ಮದವರಿಗೆ ಹಾಕಿದ ಗೆರೆ. ಮೊಬೈಲಿನ ಹವಾಮಾನ ಆ್ಯಪ್‌ಗಳಲ್ಲಿ ಉಷ್ಣಾಂಶದ ಕೆಳಗೆ ಸಣ್ಣದಾಗಿ ಇರುತ್ತದೆ, ನೋಡುವವರು ಕಡಿಮೆ. ಮೊಬೈಲ್ ಇಲ್ಲದಿದ್ದರೆ ನಿಮ್ಮ ನೆರಳನ್ನು ನೋಡಿ: ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದರ್ಥ. ದಿನದ ಅತಿನೇರಳೆಯ ಸುಮಾರು 60% ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರೊಳಗೆ ಬಿದ್ದು ಮುಗಿದಿರುತ್ತದೆ.

ದಕ್ಷಿಣಾರ್ಧಗೋಳಕ್ಕೆ ಇನ್ನೊಂದು ಪೆಟ್ಟು ಹೆಚ್ಚು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯಲ್ಲಿ, ಆಗ ಅಲ್ಲಿ ನಡುಬೇಸಿಗೆ. ಅದರ ಜೊತೆಗೆ ಬೇಸಿಗೆಯಲ್ಲಿ ಓಜೋನ್ ಪದರ ತೆಳು, ಗಾಳಿ ಸ್ವಚ್ಛ. ಇವೆಲ್ಲ ಕೂಡಿ ನ್ಯೂಜಿಲೆಂಡಿನ ಬೇಸಿಗೆಯ ಗರಿಷ್ಠ ಯುವಿ, ಉತ್ತರದಲ್ಲಿ ಅದೇ ಅಕ್ಷಾಂಶದ ಊರುಗಳಿಗಿಂತ ಸುಮಾರು 40% ಹೆಚ್ಚು. ಯುರೋಪಿನಿಂದ ಅಲ್ಲಿಗೆ ಪ್ರವಾಸ ಹೋದವರು ‘ನಮ್ಮಲ್ಲಿಯಷ್ಟೇ ಬಿಸಿಲು’ ಎಂದುಕೊಂಡು ಒಂದೇ ಮಧ್ಯಾಹ್ನದಲ್ಲಿ ಬೆನ್ನ ಮೇಲೆ ಬೊಬ್ಬೆ ಎಬ್ಬಿಸಿಕೊಳ್ಳುತ್ತಾರೆ.

ಕಿರಣ ಕೋಶದೊಳಗೆ ಮಾಡುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಡಿಎನ್‌ಎ ಏಣಿಯಲ್ಲಿ ಸೈಟೋಸಿನ್, ಥೈಮಿನ್ ಎಂಬ ಎರಡು ಅಕ್ಷರಗಳು ಅಕ್ಕಪಕ್ಕ ಬಂದ ಕಡೆ ಅತಿನೇರಳೆ ಬಿ ಕಿರಣ (ನೆಲ ಮುಟ್ಟುವ ಅತಿನೇರಳೆಯಲ್ಲಿ ಎ, ಬಿ ಎಂದು ಎರಡು ಬಗೆ) ತಗಲಿದರೆ ಅವೆರಡೂ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೋಶ ಆ ಬೆಸುಗೆಯ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ಹೆಣೆಯುತ್ತದೆ. ಬಿಸಿಲಲ್ಲಿ ಕಳೆದ ಪ್ರತಿ ದಿನವೂ ಈ ರಿಪೇರಿ ನಡೆದೇ ಇರುತ್ತದೆ. ರಿಪೇರಿಗೆ ಮುಂಚೆಯೇ ಕೋಶ ಇಬ್ಭಾಗವಾದರೆ ಸೈಟೋಸಿನ್ ಇದ್ದ ಜಾಗದಲ್ಲಿ ಥೈಮಿನ್ ಕೂತುಬಿಡುತ್ತದೆ. ಈ ಗುರುತು ಎಷ್ಟು ಖಚಿತವೆಂದರೆ, ಗೆಡ್ಡೆಯ ಡಿಎನ್‌ಎ ಓದಿ ಇದು ಬಿಸಿಲಿನಿಂದ ಬಂದದ್ದೋ ಅಲ್ಲವೋ ಎಂದು ಹೇಳಬಹುದು. ಜಿರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆಯ ಮಕ್ಕಳಲ್ಲಿ ಈ ರಿಪೇರಿ ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟಿರುತ್ತದೆ, ಅವರಿಗೆ ಹತ್ತು ವರ್ಷ ತುಂಬುವ ಮೊದಲೇ ಚರ್ಮದ ಕ್ಯಾನ್ಸರ್ ಬರುವುದುಂಟು.

ಈಗ ಚರ್ಮ. ಚರ್ಮಕ್ಕೆ ಬಣ್ಣ ಕೊಡುವ ಕಂದು-ಕಪ್ಪು ವಸ್ತುವಾದ ಮೆಲನಿನ್ ಪ್ರತಿ ಕೋಶಬೀಜದ ಮೇಲೂ ಕೊಡೆ ಹಿಡಿದ ಹಾಗೆ ಕೂತಿರುತ್ತದೆ. ಗಾಢ ಕಪ್ಪು ಚರ್ಮಕ್ಕೆ ಹುಟ್ಟಿನಿಂದ ಬಂದ ರಕ್ಷಣೆ ಸುಮಾರು 13 ಎಸ್‌ಪಿಎಫ್‌ಗೆ (ಸನ್‌ಸ್ಕ್ರೀನ್ ಕೊಡುವ ರಕ್ಷಣೆಯ ಅಳತೆ) ಸಮ, ತೀರಾ ತಿಳಿ ಚರ್ಮದ್ದು ಮೂರು-ಮೂರೂವರೆ. ಕೆಂಗೂದಲು, ಮುಖದ ತುಂಬ ಚುಕ್ಕಿ ಇರುವವರಲ್ಲಿ ಎಂಸಿ1ಆರ್ ಜೀನ್ ಬದಲಾಗಿ ಕಪ್ಪು ಮೆಲನಿನ್ ಬದಲು ಕೆಂಪು-ಹಳದಿ ಮೆಲನಿನ್ ತಯಾರಾಗುತ್ತದೆ, ಅದು ಕಿರಣ ತಡೆಯಲು ಬಾರದು. ಬ್ರಿಟನ್, ಐರ್ಲೆಂಡಿನ ಮೋಡದ ಕೆಳಗೆ ಸಾವಿರಾರು ವರ್ಷ ಇದ್ದ ಈ ಚರ್ಮ ಹಡಗು ಹತ್ತಿ ಕ್ವೀನ್ಸ್‌ಲೆಂಡಿಗೆ ಬಂದಿಳಿದದ್ದೇ ಆಸ್ಟ್ರೇಲಿಯಾದ ಕಥೆ. ಅದೇ ಬಿಸಿಲಲ್ಲಿ ಹತ್ತಾರು ಸಾವಿರ ವರ್ಷ ಬಾಳಿದ ಅಲ್ಲಿನ ಮೂಲನಿವಾಸಿಗಳಲ್ಲಿ ಮೆಲನೋಮಾ ಬಹಳ ಕಡಿಮೆ.

ವಲಸೆ ಬಂದವರ ವಯಸ್ಸು ಇನ್ನೊಂದು ಸತ್ಯ ಹೇಳುತ್ತದೆ, ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಅದೇ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಡೆದು 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 10 ವರ್ಷದೊಳಗೆ ಬಂದಿಳಿದವರ ಮೆಲನೋಮಾ ಅಪಾಯ ಅಲ್ಲೇ ಹುಟ್ಟಿದವರಷ್ಟೇ ಇತ್ತು. 15 ದಾಟಿದ ಮೇಲೆ ಬಂದವರಲ್ಲಿ ಅದರ ಕಾಲು ಭಾಗ. ಅಂದರೆ ಬಾಲ್ಯದ ಬಿಸಿಲು ದಶಕಗಳ ನಂತರ ತನ್ನ ಬಾಕಿ ವಸೂಲಿಗೆ ಬರುತ್ತದೆ. ಇವತ್ತಿನ ಒಂದು ಪ್ರದೇಶದ ಅಂಕಿ ಇವತ್ತಿನ ಬಿಸಿಲನ್ನು ಹೇಳುವುದಿಲ್ಲ, ಮೂವತ್ತು-ನಲವತ್ತು ವರ್ಷದ ಹಿಂದೆ ಅಲ್ಲಿನ ಮಕ್ಕಳು ಹೇಗೆ ಆಡುತ್ತಿದ್ದರು ಎಂಬುದನ್ನು ಹೇಳುತ್ತದೆ.

ಚರ್ಮದ ಬಣ್ಣದ ಪಾತ್ರಕ್ಕೆ ಕಣ್ಣೆದುರಿನ ಸಾಕ್ಷಿ ಪೂರ್ವ ಆಫ್ರಿಕಾದ ಆಲ್ಬಿನಿಸಂ (ಹುಟ್ಟಿನಿಂದಲೇ ಮೆಲನಿನ್ ಕೊರತೆ) ಇರುವವರು. ಟಾಂಜಾನಿಯಾದಲ್ಲಿ ಸುಮಾರು 1,400 ಮಂದಿಗೆ ಒಬ್ಬರು ಹೀಗೆ ಹುಟ್ಟುತ್ತಾರೆ. ಅಪ್ಪ ಅಮ್ಮ, ಅಕ್ಕ ತಂಗಿ ಎಲ್ಲ ಅದೇ ಬಿಸಿಲಲ್ಲಿ ಅದೇ ಹೊಲದಲ್ಲಿ ದುಡಿದರೂ ಅವರಿಗೆ ಏನೂ ಆಗುವುದಿಲ್ಲ. ಮೆಲನಿನ್ ಇಲ್ಲದ ಒಬ್ಬರಿಗೆ ಮಾತ್ರ ಹದಿಹರೆಯದಲ್ಲೇ ಮುಖ, ಕಿವಿ, ಕತ್ತಿನ ಮೇಲೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಮೇಲ್ಪದರದ ಕ್ಯಾನ್ಸರ್ ಶುರುವಾಗಿ, ಎಷ್ಟೋ ಜನ ನಲವತ್ತು ತಲುಪುವುದಿಲ್ಲ. ಅಲ್ಲಿನ ಮೋಶಿ ಪಟ್ಟಣದಲ್ಲಿ ಇವರಿಗೆಂದೇ ಕಿಲಿಸನ್ ಎಂಬ ಸನ್‌ಸ್ಕ್ರೀನ್ ತಯಾರಿಸಿ ಹಂಚುತ್ತಾರೆ. ಆಫ್ರಿಕಾದಲ್ಲಿ ಚರ್ಮದ ಕ್ಯಾನ್ಸರ್ ಇಲ್ಲ ಎಂದು ಸರಾಸರಿ ನೋಡಿ ಹೇಳುವವರು ಈ ಜನರನ್ನು ಮರೆತಿರುತ್ತಾರೆ. ಇದಕ್ಕಿಂತ ತಡೆಯಬಹುದಾದ ಸಾವು ಇನ್ನೊಂದಿಲ್ಲ. ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ಬಟ್ಟೆ, ಶಾಲೆಯಲ್ಲಿ ನೆರಳಿನ ಜಾಗ, ಆರು ತಿಂಗಳಿಗೊಮ್ಮೆ ಚರ್ಮದ ತಪಾಸಣೆ ಸಿಕ್ಕಿದರೆ ಸಾಕು.

ಮೂರನೆಯದು ಬಿಸಿಲು ಬೀಳುವ ರೀತಿ. ಚರ್ಮದ ಕ್ಯಾನ್ಸರ್ ಎಂದು ನಾವು ಒಟ್ಟಿಗೆ ಕರೆಯುವ ಮೂರೂ ಒಂದೇ ನಡವಳಿಕೆಯವಲ್ಲ. ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಕೂಡಿಬಿದ್ದ ಬಿಸಿಲಿನ ಕಾಯಿಲೆ: ವರ್ಷಗಟ್ಟಲೆ ಹೊಲ, ಕಡಲು, ರಸ್ತೆ ಕೆಲಸ ಮಾಡಿದವರ ಕಿವಿಯಂಚು, ಕೆಳತುಟಿ, ಬೋಳುತಲೆ, ಮುಂಗೈ ಬೆನ್ನು ಇದರ ಜಾಗ. ಸಮಭಾಜಕದ ಕಡೆಗೆ ಹೋದಷ್ಟೂ ಏರುವುದು ಇದರಲ್ಲೇ ಹೆಚ್ಚು ಸ್ಪಷ್ಟ. ಮೆಲನೋಮಾ ಹಾಗಲ್ಲ. ವರ್ಷವಿಡೀ ಕಚೇರಿಯಲ್ಲಿದ್ದು ರಜೆಯ ಎರಡು ವಾರ ಕಡಲ ದಂಡೆಯಲ್ಲಿ ಸುಟ್ಟುಕೊಳ್ಳುವ ಚರ್ಮಕ್ಕೆ ಅದರ ಅಪಾಯ ಹೆಚ್ಚು. ಮೇಲ್ಪದರದ ಬುಡದ ಕೋಶಗಳಲ್ಲಿ ಹುಟ್ಟುವ ಬೇಸಲ್ ಸೆಲ್ ಕಾರ್ಸಿನೋಮಾ ಇವೆರಡರ ನಡುವೆ ಎಲ್ಲೋ ಇದೆ.

ಯುರೋಪಿನ ತಲೆಕೆಳಗಾದ ನಕ್ಷೆಗೆ ಇದೇ ವಿವರಣೆ. ನಾರ್ವೆ ಒಂದನ್ನೇ ತೆಗೆದುಕೊಂಡರೆ ನಿಯಮದಂತೆ ದಕ್ಷಿಣದಲ್ಲಿ ಹೆಚ್ಚು, ಉತ್ತರದಲ್ಲಿ ಕಡಿಮೆ. ಇಡೀ ಯುರೋಪನ್ನು ನೋಡಿದರೆ ಉಲ್ಟಾ: ಗ್ರೀಸ್, ಸ್ಪೇನ್, ಪೋರ್ಚುಗಲ್‌ಗಳಲ್ಲಿ ಕಡಿಮೆ, ಡೆನ್ಮಾರ್ಕ್, ನಾರ್ವೆ, ನೆದರ್ಲೆಂಡ್ಸ್‌ಗಳಲ್ಲಿ ಹೆಚ್ಚು. ದಕ್ಷಿಣದವರ ಚರ್ಮ ಸ್ವಲ್ಪ ಗೋಧಿಬಣ್ಣ, ಮಧ್ಯಾಹ್ನ ಅವರು ಮನೆಯೊಳಗಿರುತ್ತಾರೆ. ಉತ್ತರದವರು ವಿಮಾನದ ಟಿಕೆಟ್ ಅಗ್ಗವಾದ ಮೇಲೆ ಬಿಸಿಲು ಹುಡುಕಿಕೊಂಡು ದಕ್ಷಿಣಕ್ಕೆ ಬಂದರು. ಗೆಡ್ಡೆ ಎದ್ದ ಜಾಗವೂ ಇದನ್ನೇ ಹೇಳುತ್ತದೆ: ಗಂಡಸರಲ್ಲಿ ಬೆನ್ನು, ಹೆಂಗಸರಲ್ಲಿ ಮೊಣಕಾಲ ಕೆಳಗೆ. ದಿನವೂ ಬಿಸಿಲು ಕಾಣುವ ಜಾಗಗಳಲ್ಲ ಇವು, ರಜೆಯಲ್ಲಿ ಬಟ್ಟೆ ಕಳಚಿದ ಜಾಗಗಳು.

ಐಸ್‌ಲೆಂಡ್ ಇದರ ತುತ್ತತುದಿಯ ಉದಾಹರಣೆ. ಉತ್ತರ ಧ್ರುವವೃತ್ತಕ್ಕೆ ತಾಗಿಕೊಂಡ ಆ ದೇಶದಲ್ಲಿ 1990ರ ನಂತರ ಹೆಂಗಸರಲ್ಲಿ, ಅದರಲ್ಲೂ ಎಳೆಯರಲ್ಲಿ, ಮೆಲನೋಮಾ ಕಡಿದಾಗಿ ಏರಿತು. 2000ದ ಆಸುಪಾಸಿನಲ್ಲಿ ಶಿಖರ ಮುಟ್ಟಿ ಮತ್ತೆ ಇಳಿಯಿತು. ಸೂರ್ಯ ಬದಲಾಗಿರಲಿಲ್ಲ. ಬದಲಾದದ್ದು ಸನ್‌ಬೆಡ್, ಅಂದರೆ ಅತಿನೇರಳೆ ದೀಪದ ಪೆಟ್ಟಿಗೆಯಲ್ಲಿ ಮಲಗಿ ಮೈ ಕಂದಿಸಿಕೊಳ್ಳುವ ಅಭ್ಯಾಸ. ಎಚ್ಚರಿಕೆಯ ಪ್ರಚಾರ ಶುರುವಾದ ಮೇಲೆ ಅದು ಇಳಿಯಿತು. 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಯಂತ್ರಗಳನ್ನು ತಂಬಾಕಿನ ಸಾಲಿಗೆ, ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ವರ್ಷ ಬ್ರೆಜಿಲ್ ಅವನ್ನು ನಿಷೇಧಿಸಿತು. ಆಸ್ಟ್ರೇಲಿಯಾದ ಹೆಚ್ಚಿನ ರಾಜ್ಯಗಳು 2015 ಹುಟ್ಟುವ ಹೊತ್ತಿಗೆ ಸನ್‌ಬೆಡ್ ಅಂಗಡಿಗಳಿಗೆ ಬೀಗ ಹಾಕಿದವು. 18ರೊಳಗಿನವರಿಗೆ ಮಾತ್ರ ನಿಷೇಧ ಹಾಕಿ ಸುಮ್ಮನಾದ ದೇಶಗಳು ಅರ್ಧ ಕೆಲಸ ಮಾಡಿವೆ ಎಂಬುದು ನನ್ನ ಅಭಿಪ್ರಾಯ, 19ನೇ ವಯಸ್ಸಿನ ಚರ್ಮಕ್ಕೆ ಕಾನೂನು ಗೊತ್ತಿಲ್ಲ.

ಇಲ್ಲೇ ವಾಹನದ ಕಿಟಕಿಯ ಮಾತು ಹೇಳಬೇಕು. ಮುಂದಿನ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು, ಅತಿನೇರಳೆ ಎ ಕಿರಣವನ್ನೂ ಬಹುಪಾಲು ತಡೆಯುತ್ತದೆ. ಪಕ್ಕದ ಕಿಟಕಿಯದು ಸಾಮಾನ್ಯವಾಗಿ ಒಂಟಿ ಗಾಜು. ಅದು ಬಿ ಕಿರಣ ತಡೆದರೂ ಎ ಕಿರಣದಲ್ಲಿ ಗಣನೀಯ ಪಾಲನ್ನು ಒಳಗೆ ಬಿಡುತ್ತದೆ. 28 ವರ್ಷ ಟ್ರಕ್ ಓಡಿಸಿದ ಅಮೆರಿಕದ 69ರ ಚಾಲಕರೊಬ್ಬರ ಫೋಟೋ 2012ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು: ಬಲಗೆನ್ನೆ ವಯಸ್ಸಿಗೆ ತಕ್ಕಂತೆ, ಕಿಟಕಿಯ ಕಡೆಯ ಎಡಗೆನ್ನೆ ಮಾತ್ರ ದಪ್ಪ ಚರ್ಮ, ಆಳ ಸುಕ್ಕು, ಗುಳ್ಳೆ ಗುಳ್ಳೆ. ಎಡಬದಿಯಲ್ಲಿ ಕೂತು ಓಡಿಸುವ ಅಮೆರಿಕದಲ್ಲಿ ಮುಖ ಮತ್ತು ತೋಳಿನ ಚರ್ಮದ ಕ್ಯಾನ್ಸರ್ ಎಡಕ್ಕೆ ಸ್ವಲ್ಪ ವಾಲಿದೆ. ಬಲಬದಿಯಲ್ಲಿ ಕೂರುವ ಆಸ್ಟ್ರೇಲಿಯಾದಲ್ಲಿ ಬಿಸಿಲು ತಿಂದ ಚರ್ಮದ ಒರಟು ಚಕ್ಕೆಗಳು ಚಾಲಕರ ಬಲಗಡೆ ಹೆಚ್ಚು.

ಇನ್ನು ಎಣಿಕೆ. ಓದುಗರು ಎಡವುವುದು ಹೆಚ್ಚಾಗಿ ಇಲ್ಲೇ. ಬೇಸಲ್ ಸೆಲ್ ಕಾರ್ಸಿನೋಮಾ ಮನುಷ್ಯರಲ್ಲಿ ಅತಿ ಸಾಮಾನ್ಯ ಕ್ಯಾನ್ಸರ್, ಆದರೆ ಹೆಚ್ಚಿನ ಕ್ಯಾನ್ಸರ್ ನೋಂದಣಿಗಳು ಅದನ್ನು ಬರೆದುಕೊಳ್ಳುವುದೇ ಇಲ್ಲ. ಕ್ಲಿನಿಕ್ಕಿನಲ್ಲೇ ಕತ್ತರಿಸಿ ಮುಗಿಸುತ್ತಾರೆ, ಒಬ್ಬರಿಗೇ ನಾಲ್ಕಾರು ಸಲ ಬರುತ್ತದೆ, ಸಾಯುವವರು ಅತಿ ವಿರಳ. ಜಾಗತಿಕ ಪಟ್ಟಿಗಳಲ್ಲಿ ‘ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರ್, ಸುಮಾರು 12 ಲಕ್ಷ’ ಎಂದು ಇರುವುದರಲ್ಲಿ ಬೇಸಲ್ ಸೆಲ್ ಸೇರಿಲ್ಲ. ಅಮೆರಿಕ ಒಂದರಲ್ಲೇ 2012ರಲ್ಲಿ 33 ಲಕ್ಷ ಜನರಲ್ಲಿ, ಬೇಸಲ್ ಸೆಲ್ ಕೂಡ ಸೇರಿಸಿ, ಇಂಥ 54 ಲಕ್ಷ ಗೆಡ್ಡೆಗಳಿಗೆ ಚಿಕಿತ್ಸೆ ನಡೆಯಿತು ಎಂಬ ಅಂದಾಜಿದೆ. ಎರಡು ಸಂಖ್ಯೆ ಪಕ್ಕದಲ್ಲಿಟ್ಟರೆ ಎಷ್ಟು ತಪ್ಪಿಹೋಗಿದೆ ಎಂದು ಗೊತ್ತಾಗುತ್ತದೆ. ಹಾಗಾಗಿ ಯಾವುದೇ ದೇಶದ ‘ಚರ್ಮದ ಕ್ಯಾನ್ಸರ್ ದರ’ ಕಂಡರೆ, ಯಾವ ಬಗೆಯನ್ನು ಎಣಿಸಿದ್ದಾರೆ ಎಂದು ಮೊದಲು ನೋಡಿ.

ಎರಡನೆಯ ಎಡವು ವಯಸ್ಸಿನ ಹೊಂದಾಣಿಕೆ. ಮುದುಕರು ಹೆಚ್ಚಿರುವ ದೇಶದಲ್ಲಿ ಕ್ಯಾನ್ಸರ್ ಹೆಚ್ಚಿರುವುದು ಸಹಜ. ಅದಕ್ಕೇ ಎಲ್ಲ ದೇಶಗಳನ್ನೂ ಒಂದೇ ಕಲ್ಪಿತ ವಯೋಮಾನದ ಜನಸಂಖ್ಯೆಗೆ ಹೊಂದಿಸಿ ಲೆಕ್ಕ ಹಾಕುತ್ತಾರೆ. ಆ ಕಲ್ಪಿತ ಜನಸಂಖ್ಯೆಯೇ ಬೇರೆ ಬೇರೆ. ವಿಶ್ವಮಾನದಲ್ಲಿ ಎಳೆಯರ ತೂಕ ಹೆಚ್ಚು, ಸಂಖ್ಯೆ ಚಿಕ್ಕದಾಗಿ ಬರುತ್ತದೆ. ಅಮೆರಿಕ 2000ದ ಮಾನ, ಆಸ್ಟ್ರೇಲಿಯಾ 2001ರ ಮಾನ ಬಳಸುತ್ತವೆ, ಅಲ್ಲಿ ವಯಸ್ಸಾದವರ ತೂಕ ಹೆಚ್ಚು, ಅದೇ ರೋಗಿಗಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಒಂದು ದೇಶದ ಸರ್ಕಾರಿ ವರದಿಯ ಅಂಕಿಯನ್ನು ಇನ್ನೊಂದು ದೇಶದ ಜಾಗತಿಕ ಪಟ್ಟಿಯ ಅಂಕಿಯ ಜೊತೆ ಇಟ್ಟು ‘ಇವರಿಗಿಂತ ಅವರಲ್ಲಿ ದುಪ್ಪಟ್ಟು’ ಎನ್ನುವ ಸುದ್ದಿಗಳು ಬರುವುದು ಹೀಗೆ.

ಮೂರನೆಯದು ಹುಡುಕಾಟ. ಅಮೆರಿಕದಲ್ಲಿ 40 ವರ್ಷಗಳಲ್ಲಿ ಮೆಲನೋಮಾ ಪತ್ತೆ ಆರು ಪಟ್ಟಾಯಿತು, ಸಾವಿನ ದರ ಬಹುಕಾಲ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಕಾಯಿಲೆ ನಿಜವಾಗಿ ಆರು ಪಟ್ಟಾಗಿದ್ದರೆ ಸಾವೂ ಏರಬೇಕಿತ್ತು. ಮಚ್ಚೆ ತಪಾಸಣೆ ಹೆಚ್ಚಾದಂತೆ, ಬಯಾಪ್ಸಿ (ತುಂಡು ತೆಗೆದು ಮಾಡುವ ಪರೀಕ್ಷೆ) ಹೆಚ್ಚಾದಂತೆ, ಎಂದೂ ಕೇಡು ಮಾಡದೆ ಇರುತ್ತಿದ್ದ ತೆಳು ಗೆಡ್ಡೆಗಳೂ ಪಟ್ಟಿಗೆ ಬಂದವು. ಆದ್ದರಿಂದ ಪ್ರದೇಶಗಳ ಹೋಲಿಕೆಗೆ ನಾನು ಎರಡು ಸಾಲನ್ನು ಒಟ್ಟಿಗೆ ನೋಡುತ್ತೇನೆ: ದಪ್ಪ ಗೆಡ್ಡೆಗಳ ಸಂಖ್ಯೆ ಮತ್ತು ಸಾವು. ತೆಳು ಗೆಡ್ಡೆ ಮಾತ್ರ ಏರುತ್ತಿದ್ದರೆ ಬಹುಪಾಲು ಅದು ಹುಡುಕಾಟದ ಏರಿಕೆ. ಸಾವಿನ ಸಾಲಿನಲ್ಲೂ ಒಂದು ಎಚ್ಚರ ಬೇಕು. 2011ರಲ್ಲಿ ಇಪಿಲಿಮುಮಾಬ್ ಮತ್ತು ವೆಮುರಾಫೆನಿಬ್, 2014ರಲ್ಲಿ ಪೆಂಬ್ರೊಲಿಜುಮಾಬ್ ಮತ್ತು ನಿವೊಲುಮಾಬ್ ಎಂಬ ಹೊಸ ಔಷಧಿಗಳು ಬಂದ ಮೇಲೆ ಅಮೆರಿಕದ ಬಿಳಿಯರಲ್ಲಿ ಮೆಲನೋಮಾ ಸಾವು 2013ರಿಂದ 2016ರೊಳಗೆ ಸುಮಾರು 18% ಇಳಿಯಿತು. ಅದು ಔಷಧಿಯ ಇಳಿಕೆ. ಆ ಔಷಧಿ ಕೊಳ್ಳಲಾರದ ದೇಶಗಳಲ್ಲಿ ಅದು ಕಾಣುವುದಿಲ್ಲ.

ಕಾಲದ ಏರಿಳಿತವನ್ನು ಹುಟ್ಟಿದ ವರ್ಷದ ಪ್ರಕಾರ ಬಿಡಿಸಿ ನೋಡಿದರೆ ಆಸ್ಟ್ರೇಲಿಯಾದಲ್ಲಿ ಆಶಾದಾಯಕ ಚಿತ್ರ ಸಿಗುತ್ತದೆ. 1981ರಲ್ಲಿ ‘ಸ್ಲಿಪ್, ಸ್ಲಾಪ್, ಸ್ಲ್ಯಾಪ್’ ಎಂದು ಅಂಗಿ ತೊಡು, ಸನ್‌ಸ್ಕ್ರೀನ್ ಹಚ್ಚು, ಟೋಪಿ ಹಾಕು ಎನ್ನುವ ಟಿವಿ ಜಾಹೀರಾತು ವಿಕ್ಟೋರಿಯಾದಲ್ಲಿ ಶುರುವಾಯಿತು, 1988ರಲ್ಲಿ ಸನ್‌ಸ್ಮಾರ್ಟ್ ಕಾರ್ಯಕ್ರಮ. ಆಮೇಲೆ ಟೋಪಿ ಇಲ್ಲದ ಮಕ್ಕಳು ಆಟದ ಬಯಲಿಗೆ ಹೋಗುವಂತಿಲ್ಲ ಎಂದು ಶಾಲೆಗಳೇ ನಿಯಮ ಮಾಡಿದವು. ಈಗ 40ರೊಳಗಿನವರಲ್ಲಿ ಮೆಲನೋಮಾ ಇಳಿಮುಖ, 60 ದಾಟಿದವರಲ್ಲಿ ಏರುಮುಖ. ಎರಡೂ ಕೂಡಿದ ಒಟ್ಟು ಅಂಕಿ ನೋಡುವವರಿಗೆ ಯೋಜನೆ ಸೋತ ಹಾಗೆ ಕಾಣುತ್ತದೆ. ಎಳೆಯರ ಇಳಿಕೆಯಲ್ಲಿ ಒಂದು ಪಾಲು ಏಷ್ಯಾದಿಂದ ವಲಸೆ ಬಂದ ಗಾಢ ಬಣ್ಣದ ಚರ್ಮದವರಿಂದ ಆದದ್ದು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಉಳಿದ ಪಾಲು ಟೋಪಿ ಮತ್ತು ನೆರಳಿನ ಗಳಿಕೆ. ಇನ್ನೊಂದೆಡೆ ಜಗತ್ತಿನಲ್ಲಿ ಮುದುಕರ ಸಂಖ್ಯೆ ಏರುತ್ತಿರುವುದರಿಂದ, ದರ 2020ರಲ್ಲಿದ್ದಷ್ಟೇ ಇದ್ದರೂ 2040ಕ್ಕೆ ಮೆಲನೋಮಾ ವರ್ಷಕ್ಕೆ ಸುಮಾರು 5,10,000, ಸಾವು 96,000 ಆಗುತ್ತದೆ ಎಂಬ ಅಂದಾಜಿದೆ.

ಸನ್‌ಸ್ಕ್ರೀನ್ ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಅತ್ಯುತ್ತಮ ಉತ್ತರ ಕ್ವೀನ್ಸ್‌ಲೆಂಡಿನ ನ್ಯಾಂಬೂರ್ ಪಟ್ಟಣದ್ದು. 1992ರಲ್ಲಿ 1,621 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ತಲೆ, ಕತ್ತು, ತೋಳು, ಕೈಗೆ ದಿನವೂ 16 ಎಸ್‌ಪಿಎಫ್ ಹಚ್ಚಲು ಕೊಟ್ಟರು, ಇನ್ನೊಂದು ಪಾಲನ್ನು ಅವರ ಇಷ್ಟಕ್ಕೆ ಬಿಟ್ಟರು. ನಾಲ್ಕೂವರೆ ವರ್ಷ ನಡೆಯಿತು. ಸ್ಕ್ವೇಮಸ್ ಸೆಲ್ ಗೆಡ್ಡೆಗಳು ಸುಮಾರು 40% ಕಡಿಮೆಯಾದವು, ಬೇಸಲ್ ಸೆಲ್‌ನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಮುಗಿದು ಹತ್ತು ವರ್ಷದ ನಂತರ ಎಣಿಸಿದರೆ ದಿನವೂ ಹಚ್ಚಿದವರಲ್ಲಿ 11 ಮೆಲನೋಮಾ, ಇನ್ನೊಂದು ಪಾಲಿನಲ್ಲಿ 22.

ಹಚ್ಚುವ ಪ್ರಮಾಣದಲ್ಲೇ ಹೆಚ್ಚಿನವರು ಸೋಲುತ್ತಾರೆ. ಡಬ್ಬಿಯ ಮೇಲಿನ ಎಸ್‌ಪಿಎಫ್ ಅಳೆದದ್ದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಜನ ಹಚ್ಚುವುದು ಅದರ ಅರ್ಧ ಅಥವಾ ಕಾಲು. ಸರಿಯಾದ ಲೆಕ್ಕ 5 ಮಿಲಿಲೀಟರಿನ ಚಮಚದಲ್ಲಿ: ಮುಖ, ಕತ್ತು, ಕಿವಿಗೆ ಒಂದು, ತೋಳಿಗೆ ಒಂದೊಂದು, ಕಾಲಿಗೆ ಒಂದೊಂದು, ಎದೆ-ಹೊಟ್ಟೆಗೆ ಒಂದು, ಬೆನ್ನಿಗೆ ಒಂದು. ಒಟ್ಟು ಏಳು ಚಮಚ, 35 ಮಿಲಿಲೀಟರ್. ಹೊರಡುವ 20 ನಿಮಿಷ ಮೊದಲು ಹಚ್ಚಬೇಕು, ಎರಡು ಗಂಟೆಗೊಮ್ಮೆ ಮತ್ತೆ, ಈಜಿ ಒರೆಸಿಕೊಂಡ ಕೂಡಲೇ ಮತ್ತೆ. 30 ಎಸ್‌ಪಿಎಫ್ ಬಿ ಕಿರಣದ ಸುಮಾರು 97%, 50ರದ್ದು ಸುಮಾರು 98% ತಡೆಯುತ್ತದೆ, ಹಾಗಾಗಿ ಸಂಖ್ಯೆಗಿಂತ ಪ್ರಮಾಣಕ್ಕೆ ಗಮನ ಕೊಡಿ. ಎ ಕಿರಣಕ್ಕೂ ರಕ್ಷಣೆ ಇದೆಯೇ ಎಂದು ಡಬ್ಬಿಯಲ್ಲಿ ಬೇರೆಯಾಗಿ ನೋಡಬೇಕು, ಎಸ್‌ಪಿಎಫ್ ಅದನ್ನು ಹೇಳುವುದಿಲ್ಲ. ಕಿವಿಯ ಹಿಂಭಾಗ, ಬೈತಲೆ, ತುಟಿ, ಪಾದದ ಮೇಲ್ಭಾಗ ಸದಾ ಮರೆತುಹೋಗುವ ಜಾಗಗಳು. ಇಷ್ಟೆಲ್ಲ ಹೇಳಿದ ಮೇಲೂ ಬಟ್ಟೆಯೇ ಮೇಲು. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಬೆವರಿಗೆ ತೊಳೆದುಹೋಗುವುದಿಲ್ಲ. ತೆಳು ಬಿಳಿ ಹತ್ತಿ ಬನಿಯನ್ ಮಾತ್ರ ಒದ್ದೆಯಾದರೆ ಅರ್ಧ ರಕ್ಷಣೆ ಹೋಯಿತು. ಟೋಪಿಯ ಅಂಚು ಸುತ್ತಲೂ 7.5 ಸೆಂಟಿಮೀಟರ್ ಇರಲಿ, ಕ್ರಿಕೆಟ್ ಟೋಪಿಯಂಥದ್ದು ಕಿವಿ ಕತ್ತು ಎರಡನ್ನೂ ಬಿಡುತ್ತದೆ.

ಇದೆಲ್ಲ ಆಯ್ಕೆ ಇರುವವರಿಗಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2023ರ ಲೆಕ್ಕದಲ್ಲಿ, 2019ರಲ್ಲಿ 160 ಕೋಟಿ ಜನ ಕೆಲಸದ ಹೊತ್ತಿನಲ್ಲಿ ಸೂರ್ಯನ ಅತಿನೇರಳೆಗೆ ಒಡ್ಡಿಕೊಂಡಿದ್ದರು, ಸುಮಾರು 19,000 ಮಂದಿ ಆ ಕಾರಣದ ಮೆಲನೋಮಾ ಅಲ್ಲದ ಚರ್ಮದ ಕ್ಯಾನ್ಸರಿನಿಂದ ಸತ್ತರು. ಆ ಬಗೆಯ ಸಾವುಗಳಲ್ಲಿ ಹತ್ತಿರಹತ್ತಿರ ಮೂರರಲ್ಲಿ ಒಂದು. ಜರ್ಮನಿ 2015ರಲ್ಲಿ ಬಿಸಿಲಿನ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾವನ್ನು ವೃತ್ತಿಯ ಕಾಯಿಲೆ ಎಂದು ಒಪ್ಪಿ ಪರಿಹಾರದ ಪಟ್ಟಿಗೆ ಹಾಕಿತು. ಬೇರೆ ದೇಶಗಳೂ ಹಾಗೆ ಮಾಡಬೇಕು. ಮಧ್ಯಾಹ್ನದ ಕೆಲಸವನ್ನು ಬೆಳಿಗ್ಗೆಗೆ ಸರಿಸುವ ಅಧಿಕಾರ ಕೂಲಿಯವರ ಕೈಲಿಲ್ಲ, ಕೆಲಸ ಕೊಟ್ಟವರ ಕೈಲಿದೆ.

ಗಾಢ ಬಣ್ಣದ ಚರ್ಮದವರ ಬಗ್ಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಬಿಳಿ ಚರ್ಮಕ್ಕೆ ಬರೆದ ಸಲಹೆಯನ್ನು ಹಾಗೇ ಅವರಿಗೆ ಹೇಳಿದರೆ ತಪ್ಪಾಗುತ್ತದೆ. ಅವರಲ್ಲಿ ಬರುವ ಮೆಲನೋಮಾದಲ್ಲಿ ದೊಡ್ಡ ಪಾಲು ಅಂಗಾಲು, ಅಂಗೈ, ಉಗುರಿನ ಬುಡದ್ದು. ಲಕ್ಷ ಮಂದಿಗೆ ಎಷ್ಟು ಎಂದು ನೋಡಿದರೆ ಇದು ಎಲ್ಲ ಬಣ್ಣದವರಲ್ಲೂ ಹೆಚ್ಚುಕಡಿಮೆ ಒಂದೇ, ಬಿಸಿಲಿಗೂ ಇದಕ್ಕೂ ಸಂಬಂಧ ಕಾಣದು, ಯಾವ ಸನ್‌ಸ್ಕ್ರೀನೂ ಇದನ್ನು ತಡೆಯದು. ಗಾಯಕ ಬಾಬ್ ಮಾರ್ಲೆ 1981ರಲ್ಲಿ 36ನೇ ವಯಸ್ಸಿಗೆ ತೀರಿಕೊಂಡದ್ದು ಕಾಲ್ಬೆರಳಿನ ಉಗುರಿನಡಿ ಶುರುವಾದ ಇಂಥ ಮೆಲನೋಮಾದಿಂದ. ಗಾಢ ಬಣ್ಣದವರಲ್ಲಿ ಸ್ಕ್ವೇಮಸ್ ಸೆಲ್ ಕೂಡ ಎಷ್ಟೋ ಸಲ ಹಳೆಯ ಸುಟ್ಟಗಾಯದ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣಿನ ಅಂಚಿನಲ್ಲಿ ಏಳುತ್ತದೆ. ಬಂಗಾಳದ ಮುಖಜಭೂಮಿಯಲ್ಲಿ, ತೈವಾನಿನ ನೈಋತ್ಯದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ ಕಾರಣ. ಕಾಶ್ಮೀರದಲ್ಲಿ ಕಾಂಗ್ಡಿ ಎಂಬ ಕೆಂಡದ ಮಡಕೆಯನ್ನು ಮೈಗೆ ಒತ್ತಿ ಹಿಡಿಯುವುದರಿಂದ ತೊಡೆ, ಹೊಟ್ಟೆಯ ಮೇಲೆ ಬರುತ್ತದೆ. ಇವೆಲ್ಲ ಬಿಸಿಲಿನ ಲೆಕ್ಕಕ್ಕೆ ಸೇರಿಕೊಂಡರೆ ಪ್ರದೇಶದ ಚಿತ್ರ ಕಲಸುಮೇಲೋಗರವಾಗುತ್ತದೆ.

ಹಾಗಾಗಿ ಅವರು ನೋಡಿಕೊಳ್ಳಬೇಕಾದ ಜಾಗ ಬೇರೆ. ತಿಂಗಳಿಗೊಮ್ಮೆ ಸ್ನಾನವಾದ ಮೇಲೆ ಒಳ್ಳೆ ಬೆಳಕಿನಲ್ಲಿ ಅಂಗಾಲು, ಬೆರಳ ಸಂದಿ, ಹಿಮ್ಮಡಿ, ಉಗುರು ನೋಡಬೇಕು. ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ಇರುವುದು ಕಪ್ಪು ಚರ್ಮದಲ್ಲಿ ಮಾಮೂಲು, ಭಯವಿಲ್ಲ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು, 3 ಮಿಲಿಮೀಟರಿಗಿಂತ ಅಗಲವಾಗುತ್ತ, ಬುಡದ ಚರ್ಮಕ್ಕೂ ಬಣ್ಣ ಹರಡಿದರೆ ತಡಮಾಡಬಾರದು. ಅಂಗಾಲಿನ ಚರ್ಮದಲ್ಲಿ ಉಳುಮೆಯ ಸಾಲಿನಂತೆ ಏಣು-ತಗ್ಗು ಗೆರೆಗಳಿವೆಯಲ್ಲ, ಸಾಧಾರಣ ಮಚ್ಚೆಯ ಬಣ್ಣ ತಗ್ಗಿನಲ್ಲಿ ಕೂರುತ್ತದೆ, ಮೆಲನೋಮಾದ್ದು ಏಣಿನ ಮೇಲೆ. ಜಪಾನಿನ ಚರ್ಮವೈದ್ಯರು ಗುರುತಿಸಿದ ಈ ವ್ಯತ್ಯಾಸ ಡರ್ಮೋಸ್ಕೋಪ್ ಎಂಬ ಕೈಮಸೂರದಲ್ಲಿ ಚೆನ್ನಾಗಿ ಕಾಣುತ್ತದೆ. ಉಳಿದ ಮೈಯಲ್ಲಿ ಎರಡು ಪಕ್ಕ ಹೊಂದದ, ಅಂಚು ಹರಿದಂತಿರುವ, ಎರಡು-ಮೂರು ಬಣ್ಣದ, 6 ಮಿಲಿಮೀಟರ್ ದಾಟಿದ, ಬದಲಾಗುತ್ತಿರುವ ಮಚ್ಚೆ, ಅಥವಾ ಒಂದು ತಿಂಗಳಿಂದ ಉಬ್ಬಿ ಗಟ್ಟಿಯಾಗಿ ಬೆಳೆಯುತ್ತಿರುವ ಗುಳ್ಳೆ ಸಂಶಯದ್ದು. ಬೇಸಲ್ ಸೆಲ್ ತಿಳಿ ಚರ್ಮದಲ್ಲಿ ಮುತ್ತಿನ ಹೊಳಪಿನದು, ಕಂದು ಚರ್ಮದಲ್ಲಿ ಹೆಚ್ಚಾಗಿ ಕಪ್ಪಗೆ ಹೊಳೆಯುತ್ತದೆ. ಅದನ್ನು ಮಚ್ಚೆ ಎಂದು ವರ್ಷಗಟ್ಟಲೆ ಬಿಟ್ಟವರು ಬಹಳ. ಹಕ್ಕಳೆ ಕಟ್ಟಿ, ಉದುರಿ, ರಕ್ತ ಜಿನುಗಿ, ಮತ್ತೆ ಹಕ್ಕಳೆ ಕಟ್ಟುವ ಹುಣ್ಣು ಆರು ವಾರ ದಾಟಿದರೆ ಮುಲಾಮು ನಿಲ್ಲಿಸಿ ತೋರಿಸಬೇಕು.

ತೋರಿಸಿದ ಮೇಲೂ ಕೆಡುವ ಒಂದು ಜಾಗವಿದೆ. ಸಂಶಯದ ಮಚ್ಚೆಯನ್ನು ಲೇಸರಿನಿಂದ, ಆಸಿಡ್‌ನಿಂದ, ಕರೆಂಟಿನಿಂದ ಸುಡಿಸಿಬಿಟ್ಟರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ, ಅಡಿಯಲ್ಲಿ ಉಳಿದದ್ದು ಕಲೆಯ ಕೆಳಗೆ ಸದ್ದಿಲ್ಲದೆ ಬೆಳೆಯುತ್ತದೆ. ಮೇಲೆ ಮೇಲೆ ಕೆರೆದು ತೆಗೆದರೆ ಗೆಡ್ಡೆ ಎಷ್ಟು ಆಳ ಇಳಿದಿತ್ತು ಎಂಬುದೇ ಕಳೆದುಹೋಗುತ್ತದೆ. ಸರಿಯಾದ ಕ್ರಮ, ಸುತ್ತ ಸುಮಾರು 2 ಮಿಲಿಮೀಟರ್ ಒಳ್ಳೆಯ ಚರ್ಮ ಸೇರಿಸಿ, ಕೆಳಗಿನ ಕೊಬ್ಬಿನ ತನಕ ಇಡಿಯಾಗಿ ಕತ್ತರಿಸಿ, ಇಡೀ ತುಂಡನ್ನು ಪೆಥಾಲಜಿ ಲ್ಯಾಬಿಗೆ ಕಳಿಸುವುದು. ಮೆಲನೋಮಾ ಎಂದು ಬಂದರೆ ವರದಿಯಲ್ಲಿ ಬ್ರೆಸ್ಲೋ ದಪ್ಪ, ಅಂದರೆ ಗೆಡ್ಡೆ ಇಳಿದ ಆಳ, ಎಂಬ ಸಾಲು ಹುಡುಕಿ. ಮಿಲಿಮೀಟರಿನ ಹತ್ತನೇ ಒಂದರ ತನಕ ಬರೆದಿರುತ್ತಾರೆ. 1ರ ಒಳಗಿದ್ದರೆ ಐದು ವರ್ಷದ ನಂತರವೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕಿರುತ್ತಾರೆ, 4 ದಾಟಿದರೆ ಆ ಲೆಕ್ಕ ಬಹಳ ಇಳಿಯುತ್ತದೆ. ಆ ಸಾಲು ವರದಿಯಲ್ಲಿ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಇನ್ನೂ ಎಷ್ಟು ಅಗಲ ಕತ್ತರಿಸಬೇಕು, ಹತ್ತಿರದ ದುಗ್ಧಗ್ರಂಥಿ ಪರೀಕ್ಷಿಸಬೇಕೇ ಎಂಬುದೆಲ್ಲ ಆ ಒಂದು ಅಂಕಿಯಿಂದಲೇ ಶುರುವಾಗುವುದು.